ಗುಂಡಿಗೆ ಇಳಿಯುವವರು ಯಾರು?

2023ರ ಸೆಪ್ಟೆಂಬರ್ 15ರ ಬೆಳಗ್ಗೆ ಕರ್ನಾಟಕದ ಶಾಲೆ, ಕಾಲೇಜು, ಕಚೇರಿಗಳಲ್ಲಿ ಲಕ್ಷಾಂತರ ಜನ ಎದ್ದು ನಿಂತು ಸಂವಿಧಾನದ ಪೀಠಿಕೆಯನ್ನು ಒಕ್ಕೊರಲಿನಿಂದ ಓದಿದರು. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮಾತುಗಳು ಮಕ್ಕಳ ಎಳೆಯ ದನಿಯಲ್ಲಿ ಮೊಳಗಿದವು. ಮೂರು ತಿಂಗಳಾಯಿತು. ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು.

ಆಮೇಲೆ ನಡೆದದ್ದು ನಮಗೆಲ್ಲ ಗೊತ್ತಿರುವ ಕ್ರಮವೇ. ಅಮಾನತು, ಎಫ್‌ಐಆರ್, ಬಂಧನ, ಅಧಿಕಾರಿಗಳ ಭೇಟಿ, ಎರಡು ದಿನದ ಟಿ.ವಿ. ಚರ್ಚೆ. ಅದೇ ತಿಂಗಳು ಬೆಂಗಳೂರಿನ ಒಂದು ಶಾಲೆಯಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ವಿಡಿಯೋ ಬಂತು. ಅದಕ್ಕೂ ಅದೇ ಕ್ರಮ. ತಪ್ಪಿತಸ್ಥರ ಮೇಲೆ ಕ್ರಮ ಆಗಬೇಕಾದದ್ದೇ, ಆಯಿತು. ಆದರೆ ಮಾಲೂರಿನ ಆ ಗುಂಡಿಯನ್ನು ಬರೀ ಒಬ್ಬಿಬ್ಬರು ಶಿಕ್ಷಕರ ಕ್ರೌರ್ಯವೆಂದು ಮುಚ್ಚಿಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ. ಅದು ಯಾವ ಜಿಲ್ಲೆಯಲ್ಲಿ ಇತ್ತು ಎಂಬುದನ್ನು ಒಮ್ಮೆ ನೆನೆಯಿರಿ.

ಕೋಲಾರ ಜಗತ್ತಿನಿಂದ ದೂರ ಉಳಿದ ಮೂಲೆಯೇನೂ ಅಲ್ಲ. ಜಾಗತೀಕರಣ ಎಂಬ ಮಾತು ಕನ್ನಡಕ್ಕೆ ಬರುವ ನೂರು ವರ್ಷ ಮೊದಲೇ ಜಗತ್ತು ಈ ಜಿಲ್ಲೆಯ ನೆಲ ಬಗೆಯುತ್ತಿತ್ತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ಕೆ.ಜಿ.ಎಫ್.ನಲ್ಲಿ ಗಣಿಗಾರಿಕೆಗೆ ಕೈಹಾಕಿತು. ಆ ಗಣಿಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗೆ ದೀಪ ಬರುವ ಮೊದಲೇ ಕೋಲಾರದ ಚಿನ್ನಕ್ಕೆ ಕರೆಂಟ್ ಸಿಕ್ಕಿತ್ತು. ಅದೇ ಊರಿನಲ್ಲಿ ಬುಟ್ಟಿ, ಬಕೆಟ್ಟುಗಳಲ್ಲಿ ಮಲ ಹೊತ್ತು ಒಣ ಪಾಯಿಖಾನೆಗಳನ್ನು ಬಳಿಯುವ ಕುಟುಂಬಗಳೂ ಇದ್ದವು. ಅಂಥ ಒಂದು ಕುಟುಂಬದಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ, ದೇಶವಿಡೀ ಈ ಪದ್ಧತಿಯ ವಿರುದ್ಧ ಹೋರಾಡಿದ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದಕ್ಕೂ ಎಷ್ಟೋ ಮುಂಚೆ, 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದರು. 2013ರಲ್ಲಿ ಕೇಂದ್ರದ ಕಠಿಣ ಕಾಯ್ದೆಯೂ ಬಂತು. ಗಣಿಗಳು 2001ರಲ್ಲೇ ಮುಚ್ಚಿದವು. ಗುಂಡಿ ಮಾತ್ರ ತೆರೆದೇ ಇತ್ತು.

ಈಗ ಅದೇ ಜಿಲ್ಲೆಯ ನರಸಾಪುರದಲ್ಲಿ ಜಗತ್ತಿಗೆ ಐಫೋನ್ ತಯಾರಾಗುತ್ತದೆ. ತೈವಾನಿನ ವಿಸ್ಟ್ರಾನ್ ಕಂಪನಿಯಿಂದ ಟಾಟಾ ಸಮೂಹ ಆ ಕಾರ್ಖಾನೆಯನ್ನು ಕೊಂಡದ್ದು 2023ರ ಕೊನೆಯ ತಿಂಗಳುಗಳಲ್ಲೇ. ಮಾಸ್ತಿಯವರ ತಾಲ್ಲೂಕು ಮಾಲೂರು, ಡಿ.ವಿ.ಜಿ.ಯವರ ಮುಳಬಾಗಿಲು, ಚಿನ್ನದ ಊರು, ಐಫೋನಿನ ಊರು ಎಲ್ಲವೂ ಒಂದೇ ಜಿಲ್ಲೆಯ ನಕ್ಷೆಯೊಳಗಿವೆ. ಸಾಹಿತ್ಯ, ಸಂಪತ್ತು, ತಂತ್ರಜ್ಞಾನ ಮೂರೂ ಇರುವ ಆ ನಕ್ಷೆಯೊಳಗೇ ಒಂದು ಶಾಲೆ ತನ್ನ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿತು. ಹಾಗಾದರೆ ನಾವು ಮಕ್ಕಳಿಗೆ ಕಲಿಸುತ್ತಿರುವುದಾದರೂ ಏನನ್ನು?

ಜಾತಿಯನ್ನು ಜಾಗತೀಕರಣ ಹುಟ್ಟಿಸಲಿಲ್ಲ. ಆ ಪಾಪ ನಮ್ಮದೇ, ಬಹಳ ಹಳೆಯದು. ಜಾಗತೀಕರಣ ನಮ್ಮ ಎಷ್ಟೋ ಮನೆಗಳಿಗೆ ಮೊದಲ ಸಂಬಳ, ಮೊದಲ ಪಾಸ್‌ಪೋರ್ಟು, ಮೊದಲ ಸ್ವಂತ ಮನೆ ತಂದುಕೊಟ್ಟಿದೆ. ಅದನ್ನು ಅಲ್ಲಗಳೆಯುವವರು ಹಸಿವು ಕಾಣದವರು. ನನ್ನ ತಕರಾರು ಬೇರೆ. ಈ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಮಕ್ಕಳನ್ನು ಅಳೆಯಲು ನಾವು ಹೊಸ ತಕ್ಕಡಿ ತಂದೆವು. ಈ ಮಗು ಎಷ್ಟು ರ್‍ಯಾಂಕ್ ತರುತ್ತದೆ, ಎಷ್ಟು ಪ್ಯಾಕೇಜ್ ತರುತ್ತದೆ ಎಂದಷ್ಟೇ ಅದು ಹೇಳುತ್ತದೆ. ಪಕ್ಕದ ಮಗುವನ್ನು ಈ ಮಗು ಹೇಗೆ ನೋಡುತ್ತದೆ ಎಂಬುದಕ್ಕೆ ಅದರಲ್ಲಿ ಬಟ್ಟೇ ಇಲ್ಲ. ಬೆಲೆಯಿಂದ ಅಳೆಯುವ ಶಾಲೆಯಲ್ಲಿ ಬೆಲೆಯಿಲ್ಲದ ಮಗುವೂ ಇರಲೇಬೇಕಾಗುತ್ತದೆ. ಅದು ಯಾರ ಮಗು ಎಂದು ತೀರ್ಮಾನಿಸುವ ಕೆಲಸವನ್ನು ಜಾತಿ, ಬಡತನ, ಹಳ್ಳಿ ಎಂಬ ಹಳೆಯ ಗುಮಾಸ್ತರೇ ಮಾಡಿಕೊಡುತ್ತಾರೆ.

ಈ ತಕ್ಕಡಿಯ ಚರಿತ್ರೆಯಲ್ಲಿ ಕರ್ನಾಟಕಕ್ಕೆ ವಿಶೇಷ ಪಾತ್ರವಿದೆ, ಹೆಮ್ಮೆಪಡುವಂಥದ್ದಲ್ಲ. ಕ್ಯಾಪಿಟೇಶನ್ ಶುಲ್ಕದ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಿಗೆ ನಾವು ದೇಶದಲ್ಲೇ ಹೆಸರುವಾಸಿ. 1984ರಲ್ಲೇ ಅದನ್ನು ನಿಷೇಧಿಸುವ ಕಾನೂನು ಮಾಡಿದವರೂ ನಾವೇ, ಅದರೊಳಗೆ ಕಿಂಡಿ ಕೊರೆದವರೂ ನಾವೇ. 1989ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕವನ್ನು ನಿಗದಿ ಮಾಡಿತು. ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟಿಗೆ ಕರ್ನಾಟಕದವರಾದರೆ 25,000, ಹೊರರಾಜ್ಯದವರಾದರೆ 60,000. ಮೀರಠಿನ ಒಬ್ಬ ವಿದ್ಯಾರ್ಥಿನಿ ತುಮಕೂರಿನ ಖಾಸಗಿ ಕಾಲೇಜಿಗೆ ಅರ್ಜಿ ಹಾಕಿದಳು. ಅವಳ ತಂದೆಗೆ ಅಷ್ಟು ಹಣ ಹೊಂದಿಸಲಾಗಲಿಲ್ಲ. ಸೀಟು ಸಿಗಲಿಲ್ಲ. ಅವಳು ಸುಪ್ರೀಂ ಕೋರ್ಟಿಗೆ ಹೋದಳು. ಮೋಹಿನಿ ಜೈನ್ ಪ್ರಕರಣವೆಂದು ಹೆಸರಾದ ಅದರ ತೀರ್ಪು 1992ರ ಜುಲೈನಲ್ಲಿ ಬಂತು. ಘನತೆಯಿಂದ ಬದುಕುವ ಹಕ್ಕಿನಿಂದಲೇ ಶಿಕ್ಷಣದ ಹಕ್ಕೂ ಹುಟ್ಟುತ್ತದೆ, ಕ್ಯಾಪಿಟೇಶನ್ ಶುಲ್ಕವೆಂದರೆ ಶಿಕ್ಷಣದ ಮಾರಾಟವೇ ಎಂದು ನ್ಯಾಯಾಲಯ ಹೇಳಿತು. ಮುಂದಿನ ವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಆ ಹಕ್ಕು ಹದಿನಾಲ್ಕು ವರ್ಷದವರೆಗೆ ಎಂದು ಮಿತಿಗೊಂಡಿತು. 2002ರಲ್ಲಿ ಸಂವಿಧಾನಕ್ಕೆ ಸೇರಿತು. 2009ರಲ್ಲಿ ಆರ್‌ಟಿಇ ಕಾಯ್ದೆಯಾಯಿತು.

ಇನ್ನೊಂದು ಹಾದಿಯೂ ಅದೇ ಕಾಲದಲ್ಲಿ ತೆರೆದುಕೊಂಡಿತು. 1991ರ ಜುಲೈನಲ್ಲಿ ಭಾರತ ತನ್ನ ಆರ್ಥಿಕತೆಯ ಬಾಗಿಲು ತೆರೆಯಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಬಂತು. ಅದರ ಸೇವಾ ವ್ಯಾಪಾರದ ಒಪ್ಪಂದ ಬ್ಯಾಂಕು, ವಿಮೆ, ಪ್ರವಾಸೋದ್ಯಮದ ಜೊತೆಗೆ ಶಿಕ್ಷಣವನ್ನೂ ವ್ಯಾಪಾರಕ್ಕೆ ಒದಗುವ ಸೇವೆಗಳ ಸಾಲಿನಲ್ಲಿ ನಿಲ್ಲಿಸಿತು. ಸುಪ್ರೀಂ ಕೋರ್ಟು ಹಕ್ಕು ಎಂದದ್ದನ್ನು ಜಿನೀವಾ ಸರಕು ಎಂದಿತು. ಕಾಗದದ ಮೇಲೆ ನಾವು ಮೊದಲನೆಯದನ್ನು ಒಪ್ಪಿದೆವು, ಬದುಕಿನಲ್ಲಿ ಎರಡನೆಯದನ್ನು. ನಂಬಿಕೆ ಬಾರದಿದ್ದರೆ ಮೇ, ಜೂನ್ ತಿಂಗಳಲ್ಲಿ ಯಾವುದೇ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ನಿಂತು ಫ್ಲೆಕ್ಸುಗಳನ್ನು ನೋಡಿ. ಹದಿನೇಳರ ಹುಡುಗ ಹುಡುಗಿಯರ ಮುಖ, ಕೆಳಗೆ ಅಂಕ, ಅದರ ಕೆಳಗೆ ಪ್ರವೇಶಕ್ಕೆ ಫೋನ್ ನಂಬರು. ಫೇಲಾದವರ ಮುಖ ಯಾವ ಫ್ಲೆಕ್ಸಿನಲ್ಲೂ ಇಲ್ಲ. ಅವರನ್ನೂ ಕಲಿಸುವ ಹೊಣೆ ಅದೇ ಕಾಲೇಜಿನದಾಗಿತ್ತಲ್ಲವೇ?

1994ರಲ್ಲಿ ಕರ್ನಾಟಕ ಸಿಇಟಿ ತಂದದ್ದು ಹಣದ ಚೀಲಕ್ಕೆ ಕಡಿವಾಣ ಹಾಕಲೆಂದು. ಬಡವರ ಮಗುವೂ ಪ್ರತಿಭೆಯ ಬಲದಿಂದ ಡಾಕ್ಟರಾಗಲಿ ಎಂಬುದು ಅದರ ಆಶಯ. ಅದರಿಂದ ಎಷ್ಟೋ ರೈತರ, ಕೂಲಿಕಾರರ ಮಕ್ಕಳಿಗೆ ಸೀಟು ಸಿಕ್ಕಿದ್ದು ನಿಜ. ಆದರೆ ಹಣ ಸುಮ್ಮನಿರಲಿಲ್ಲ. ಕಾಲೇಜಿನ ಕೌಂಟರಿನಲ್ಲಿ ತೆರಬೇಕಿದ್ದುದನ್ನು ಕೋಚಿಂಗ್ ಕೌಂಟರಿನಲ್ಲಿ ತೆರುವಂತಾಯಿತು. ನೀಟ್ ಬಂದ ಮೇಲಂತೂ ಪಿಯುಸಿ ಎಂಬುದು ವಸತಿ, ಕೋಚಿಂಗ್, ಟೆಸ್ಟ್ ಸೀರೀಸ್ ಎಲ್ಲ ಸೇರಿದ ಒಂದೇ ಪ್ಯಾಕೇಜಾಗಿದೆ. ನಸುಕಿನಿಂದ ರಾತ್ರಿವರೆಗೆ ಓದು, ಭಾನುವಾರ ಪರೀಕ್ಷೆ, ತಿಂಗಳಿಗೊಮ್ಮೆ ತಂದೆತಾಯಿಯ ಮುಖ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಈ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ದಿನಕ್ಕೆ ಮೂವತ್ತೈದಕ್ಕೂ ಹೆಚ್ಚು. ಎಲ್ಲರ ಸಾವಿಗೂ ಪರೀಕ್ಷೆಯೇ ಕಾರಣವಲ್ಲ. ಆದರೆ ನೋವು ಹೇಳಿಕೊಳ್ಳಲು ಆ ಮಕ್ಕಳಿಗೆ ಒಬ್ಬ ಮನುಷ್ಯ ಸಿಗಲಿಲ್ಲ ಎಂಬುದನ್ನು ಅಲ್ಲಗಳೆಯುವವರು ಯಾರು?

ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಾತಾಡಿದ್ದು ಕಡಿಮೆ. 1989ರಲ್ಲಿ ಎದ್ದು ನಿಂತು ಅವರು ಆಡಿದ ಮಾತು ಮಕ್ಕಳ ಬೆನ್ನಿನ ಬ್ಯಾಗಿನ ಭಾರದ ಬಗ್ಗೆ. ಆ ಚರ್ಚೆ ಮುಂದೆ ಯಶಪಾಲ್ ಸಮಿತಿಯ ನೇಮಕಕ್ಕೆ ದಾರಿಯಾಯಿತು. ಬ್ಯಾಗಿಗಿಂತ ದೊಡ್ಡ ಭಾರವೆಂದರೆ ಓದಿದ್ದು ಅರ್ಥವಾಗದಿರುವುದು ಎಂದು ಆ ಸಮಿತಿ 1993ರ ವರದಿಯಲ್ಲಿ ಹೇಳಿತು. ಇವತ್ತು ಆ ಭಾರಕ್ಕೆ ಇನ್ನೊಂದು ಸೇರಿದೆ. ಪಕ್ಕದಲ್ಲಿ ಕೂತ ಮನುಷ್ಯನೂ ನಮ್ಮ ಮಕ್ಕಳಿಗೆ ಅರ್ಥವಾಗುತ್ತಿಲ್ಲ.

ಹೇಗೆ ಅರ್ಥವಾದೀತು? ಪಕ್ಕದಲ್ಲಿ ಕೂರುವುದಕ್ಕೇ ನಾವು ಬಿಡುತ್ತಿಲ್ಲ. ಊರಿನ ಎಲ್ಲ ಮಕ್ಕಳೂ ಹತ್ತಿರದ ಒಂದೇ ಶಾಲೆಗೆ ಹೋಗಲಿ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ನಾವು ಅದರ ತಿರುವುಮುರುವು ಮಾಡಿದೆವು. ಸರ್ಕಾರಿ ಶಾಲೆ, ಅನುದಾನಿತ ಶಾಲೆ, ಗಲ್ಲಿಯ ಇಂಗ್ಲಿಷ್ ಮೀಡಿಯಂ, ಸಿಬಿಎಸ್‌ಇ, ಇಂಟರ್‌ನ್ಯಾಷನಲ್: ಒಂದೊಂದು ಆದಾಯಕ್ಕೂ ಒಂದೊಂದು ಗೇಟು. ಖಾಸಗಿ ಶಾಲೆಗಳ 25 ಶೇಕಡ ಸೀಟು ಬಡಮಕ್ಕಳಿಗೆ ಎಂದು ಆರ್‌ಟಿಇ ಹೇಳಿದಾಗ ಆ ಗೋಡೆಯಲ್ಲಿ ಒಂದು ಬಾಗಿಲು ತೆರೆದಂತಾಗಿತ್ತು. 2019ರಲ್ಲಿ ಕರ್ನಾಟಕ ತನ್ನ ನಿಯಮ ಬದಲಿಸಿ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂದಿತು. ಲಕ್ಷದ ಲೆಕ್ಕದಲ್ಲಿದ್ದ ದಾಖಲಾತಿ ಕೆಲವು ಸಾವಿರಕ್ಕೆ ಕುಸಿಯಿತು. ಸರ್ಕಾರದ ಹಣ ಖಾಸಗಿಯವರ ಪಾಲಾಗದೆ ಸರ್ಕಾರಿ ಶಾಲೆಗಳು ಉಳಿಯಲಿ ಎಂಬ ವಾದದಲ್ಲಿ ಹುರುಳಿದೆ. ಆದರೆ ಉಳಿಸುತ್ತೇವೆ ಎಂದವರು ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಲಿಲ್ಲ. ಆದ್ದರಿಂದ ಅಲ್ಲಿನ ಸೋರುವ ಚಾವಣಿಗೆ, ಬಾರದ ಮೇಷ್ಟ್ರಿಗೆ, ಮಲದ ಗುಂಡಿಗೆ ದನಿಯೆತ್ತುವ ಪೋಷಕರೂ ಅಲ್ಲಿ ಉಳಿಯಲಿಲ್ಲ.

ಬೇರೆ ಬೇರೆ ಗೇಟುಗಳಿಂದ ಹೊರಬಂದ ಮಕ್ಕಳು ದೊಡ್ಡವರಾಗಿ ಒಂದೇ ನಗರದಲ್ಲಿ ಬದುಕುತ್ತಾರೆ. 2018ರ ಜನವರಿಯಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯ ಬಳಿ ಒಂದು ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಐ.ಟಿ. ಕಂಪನಿಗಳ ನಡುವಿನ ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿ ರಸ್ತೆಗೆ ಚೆಲ್ಲಿತು, 2017ರಲ್ಲಿ ಹೊತ್ತಿ ಉರಿಯಿತು, 2018ರಲ್ಲಿ ಮತ್ತೆ ಉರಿಯಿತು. ದೇಶದಲ್ಲೇ ಹೆಚ್ಚು ಎಂಜಿನಿಯರುಗಳು ವಾಸಿಸುವ ಜಾಗಗಳಲ್ಲಿ ಇದೂ ಒಂದು. ಅವರಲ್ಲಿ ಕೆಟ್ಟವರು ಹೆಚ್ಚು ಎಂದು ನಾನು ಹೇಳುವುದಿಲ್ಲ. ಫ್ಲಶ್ ಒತ್ತಿದ ಮೇಲೆ ಆ ನೀರು ಎಲ್ಲಿಗೆ ಹೋಗುತ್ತದೆ, ಅಲ್ಲಿಗೆ ಇಳಿಯುವವರು ಯಾರು ಎಂದು ಕೇಳುವುದನ್ನು ಅವರ ಹದಿನಾರು ವರ್ಷಗಳ ಓದಿನಲ್ಲಿ ಯಾರೂ ಕಲಿಸಲಿಲ್ಲ. ಮಾಲೂರಿನ ಶಾಲೆಯಲ್ಲಿ ಆ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿತ್ತು. ಎರಡೂ ಕಡೆ ಸೋತದ್ದು ಶಿಕ್ಷಣವೇ.

‘ಇದೆಲ್ಲ ಕೇಳಲು ಚೆನ್ನ. ಮಾನವೀಯತೆ ಹೊಟ್ಟೆ ತುಂಬಿಸುತ್ತಾ?’ ಎಂದು ಕೇಳುವ ತಂದೆತಾಯಂದಿರಿದ್ದಾರೆ. ಅವರ ಪ್ರಶ್ನೆಯನ್ನು ತಳ್ಳಿಹಾಕುವ ಅಧಿಕಾರ ನಮಗಿಲ್ಲ. ತಮ್ಮ ಮಕ್ಕಳನ್ನು ಇಂಟರ್‌ನ್ಯಾಷನಲ್ ಶಾಲೆಗೆ ಕಳಿಸಿ ಬಡವರಿಗೆ ಕನ್ನಡಪ್ರೇಮ ಬೋಧಿಸಿದವರಿಂದ ಅವರು ಸಾಕಷ್ಟು ಮೋಸ ಹೋಗಿದ್ದಾರೆ. ಇಂಗ್ಲಿಷ್ ಬೇಕು, ಕಂಪ್ಯೂಟರ್ ಬೇಕು, ಒಳ್ಳೆಯ ಕೆಲಸ ಬೇಕು. ಬೇಡ ಎನ್ನುವವರು ಮೊದಲು ತಮ್ಮ ಮನೆಯಲ್ಲಿ ಬೇಡ ಎನ್ನಲಿ.

ಆದರೆ ಬರೀ ಕೌಶಲ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೂ ನರಸಾಪುರವೇ ಸಾಕ್ಷಿ. 2020ರ ಡಿಸೆಂಬರ್ 12ರಂದು ಅಲ್ಲಿನ ಕಾರ್ಖಾನೆಯ ಗಾಜುಗಳು ಪುಡಿಯಾದವು. ಐಟಿಐ, ಡಿಪ್ಲೊಮಾ, ಪದವಿ ಮುಗಿಸಿದ ಯುವಕರು ಗುತ್ತಿಗೆದಾರರ ಮೂಲಕ ಅಲ್ಲಿ ದುಡಿಯುತ್ತಿದ್ದರು. ಒಪ್ಪಿದ ಸಂಬಳ ಕೈಗೆ ಬಂದಿಲ್ಲ ಎಂಬುದು ಅವರ ಸಿಟ್ಟು. ಹಿಂಸೆಯನ್ನು ಸಮರ್ಥಿಸಲಾಗದು. ಆದರೆ ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಸಂದಾಯವಾಗಿಲ್ಲ ಎಂದು ವಿಸ್ಟ್ರಾನ್ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು, ತನ್ನ ಹಿರಿಯ ಅಧಿಕಾರಿಯನ್ನು ತೆಗೆಯಿತು. ಯಂತ್ರ ನಡೆಸಲು ಕಲಿತ ಆ ಹುಡುಗರಿಗೆ ಒಪ್ಪಂದದ ಕಾಗದ ಓದಲು, ಹಕ್ಕನ್ನು ಒಟ್ಟಾಗಿ, ಕಾನೂನಿನ ದಾರಿಯಲ್ಲಿ ಕೇಳಲು ಯಾರೂ ಕಲಿಸಿರಲಿಲ್ಲ. ಆಡಳಿತ ನಡೆಸಲು ಕಲಿತವರಿಗೆ ಎದುರಿನ ಮನುಷ್ಯನ ತಿಂಗಳ ಕೊನೆ ಹೇಗಿರುತ್ತದೆಂದು ಯಾರೂ ಕಲಿಸಿರಲಿಲ್ಲ. ಮಾನವೀಯತೆ ಹೊಟ್ಟೆ ತುಂಬಿಸುತ್ತದೆಯೇ ಎಂದು ಕೇಳಿದಿರಿ. ದುಡಿದದ್ದು ಹೊಟ್ಟೆಗೆ ತಲುಪಬೇಕಾದರೆ ಅದು ಬೇಕೇ ಬೇಕು.

ಜಾಗತೀಕರಣವನ್ನು ಮುಖಾಮುಖಿ ಭೇಟಿಯಾಗಿ, ಸೋಲದೆ ಬಂದ ಒಬ್ಬರು ನಮ್ಮ ನಡುವೆ ಇದ್ದಾರೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ. ವಿದೇಶಿ ಪ್ರವಾಸಿಗರು ಹಣ್ಣಿನ ಬೆಲೆ ಕೇಳಿದಾಗ ಆ ಭಾಷೆ ತಿಳಿಯದೆ ಅವರು ತಬ್ಬಿಬ್ಬಾದರು. ಆ ಅವಮಾನ ಇನ್ನೊಬ್ಬರನ್ನು ಕ್ರೋಧಕ್ಕೋ ಕೀಳರಿಮೆಗೋ ತಳ್ಳುತ್ತಿತ್ತು. ಹಾಜಬ್ಬನವರು ತಮ್ಮೂರು ನ್ಯೂಪಡ್ಪುವಿನಲ್ಲಿ ಶಾಲೆಯೇ ಇಲ್ಲವಲ್ಲ ಎಂದು ಯೋಚಿಸಿದರು. ಕಿತ್ತಳೆ ಮಾರಿದ ದುಡ್ಡು ಕೂಡಿಟ್ಟರು, ಕಚೇರಿಯಿಂದ ಕಚೇರಿಗೆ ಅಲೆದರು. ಮದರಸಾದ ಜಾಗದಲ್ಲಿ ಕೆಲವೇ ಮಕ್ಕಳಿಂದ ಶುರುವಾದದ್ದು ಸರ್ಕಾರಿ ಶಾಲೆಯಾಗಿ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ನನಗೆ ಸಿಗದ ಓದು ನನ್ನೂರಿನ ಯಾವ ಮಗುವಿಗೂ ತಪ್ಪದಿರಲಿ ಎಂಬುದು ಅವರ ಲೆಕ್ಕ. ಆ ಲೆಕ್ಕದಲ್ಲಿ ಇಂಗ್ಲಿಷಿಗೂ ಜಾಗವಿದೆ, ಪಕ್ಕದ ಮನೆಯ ಮಗುವಿಗೂ ಜಾಗವಿದೆ. ಅಕ್ಷರ ಕಲಿಯದ ಆ ಮನುಷ್ಯನಿಗೆ ತಿಳಿದದ್ದು ನಮ್ಮ ಶಿಕ್ಷಣ ತಜ್ಞರಿಗೆ ಯಾಕೆ ತಿಳಿಯದು?

ಮಾನವೀಯ ಮೌಲ್ಯ ಎಂದಾಕ್ಷಣ ವಾರಕ್ಕೊಂದು ನೀತಿಪಾಠದ ಪೀರಿಯಡ್ ಇಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಸತ್ಯವನ್ನೇ ಹೇಳು, ಹಿರಿಯರಿಗೆ ನಮಸ್ಕರಿಸು, ಪರೀಕ್ಷೆಯಲ್ಲಿ ಐದಕ್ಕೆ ಐದು. ನಮ್ಮ ಸಂವಿಧಾನ ಇದಕ್ಕಿಂತ ಹರಿತವಾಗಿ ಮಾತಾಡುತ್ತದೆ. 1976ರ ತಿದ್ದುಪಡಿಯಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಮಾನವತಾವಾದವೂ ಒಂದು, ಆದರೆ ಅದು ಒಂಟಿಯಾಗಿಲ್ಲ. ಒಂದು ಬದಿಗೆ ವೈಜ್ಞಾನಿಕ ಮನೋಭಾವ, ಇನ್ನೊಂದು ಬದಿಗೆ ಪ್ರಶ್ನಿಸುವ ಮತ್ತು ಸುಧಾರಿಸುವ ಮನೋಭಾವ. ಕರುಣೆಗೆ ಕಣ್ಣೂ ಬೇಕು, ಬಾಯಿಯೂ ಬೇಕು ಎಂಬುದು ಇದರ ಇಂಗಿತ. ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ದೊಡ್ಡ ದೊಡ್ಡವರ ಸಿಟ್ಟಿಗೆ ಎದೆಯೊಡ್ಡಿದರು. ಅವರೂ ಅಂದಿನ ಕೋಲಾರ ಜಿಲ್ಲೆಯವರೇ. ಗೌರಿಬಿದನೂರು ಬಳಿಯ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದು ಬಂದ ಬಡ ಹುಡುಗ. ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು ಬಂದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಸವೆಸಿದರು. ಜಗತ್ತಿಗೆ ಹೋಗಿ ಬರುವುದೆಂದರೆ ಹೀಗೆ. ಹೋದ ಮೇಲೆ ಮರಳಲೇಬೇಕೆಂದು ನಾನು ಹೇಳುವುದಿಲ್ಲ. ಹೋದದ್ದು ಯಾರ ಹೆಗಲೇರಿ ಎಂದು ಮರೆಯದಿದ್ದರೆ ಸಾಕು.

ಕುವೆಂಪು ಅವರ ವಿಶ್ವಮಾನವ ಸಂದೇಶ ಶಿಕ್ಷಣದ ಬಗ್ಗೆಯೇ ಹೇಳಿದ ಮಾತು ಎಂಬುದನ್ನು ನಾವು ಮರೆತಿದ್ದೇವೆ. ಮಗು ಹುಟ್ಟುವಾಗ ಯಾವ ಹಣೆಪಟ್ಟಿಯೂ ಇಲ್ಲದ ವಿಶ್ವಮಾನವ. ಜಾತಿ, ಮತ, ದೇಶದ ಕಟ್ಟುಗಳನ್ನು ನಾವು ಬಿಗಿಯುತ್ತ ಹೋಗುತ್ತೇವೆ. ಆ ಕಟ್ಟು ಬಿಚ್ಚುವುದೇ ವಿದ್ಯೆಯ ಕೆಲಸ ಎಂಬುದು ಅವರ ನಿಲುವು. ನಮ್ಮ ಶಾಲೆಗಳ ಗೇಟಿನ ಮೇಲೆ ಈಗ ‘ಗ್ಲೋಬಲ್ ಸಿಟಿಜನ್’ ಎಂದು ಬರೆದಿದೆ. ಲಂಡನ್ನಿನಲ್ಲಿ, ಡಲ್ಲಾಸಿನಲ್ಲಿ ಹೊಂದಿಕೊಳ್ಳುವ ಮಕ್ಕಳನ್ನು ತಯಾರಿಸುತ್ತೇವೆ ಎನ್ನುತ್ತಾರೆ. ಸಂತೋಷ. ಆ ಮಗು ತನ್ನೂರಿನ ಕೇರಿಯ ಮನೆಯಲ್ಲಿ ಕೂತು ಊಟ ಮಾಡುತ್ತದೆಯೇ? ದಲಿತ ಹೆಣ್ಣುಮಗಳು ಬಿಸಿಯೂಟ ಬೇಯಿಸುತ್ತಾಳೆಂದು ಮಕ್ಕಳನ್ನು ಶಾಲೆಯಿಂದ ಬಿಡಿಸಿದ ಊರುಗಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಾಗರ ದಾಟುವುದು ಸುಲಭ, ಬೀದಿ ದಾಟುವುದೇ ಕಷ್ಟ. ಆ ಬೀದಿ ದಾಟಿಸದ ಶಾಲೆ ಎಷ್ಟೇ ಇಂಟರ್‌ನ್ಯಾಷನಲ್ ಆಗಿರಲಿ, ಅದು ಇನ್ನೂ ತನ್ನ ಅಗ್ರಹಾರವನ್ನೇ ಬಿಟ್ಟು ಹೊರಬಂದಿಲ್ಲ.

ಹಾಗೆಂದು ಮಕ್ಕಳ ಕೈಗೆ ಪೊರಕೆಯೇ ಕೊಡಬಾರದು ಎನ್ನುವವನಲ್ಲ ನಾನು. ಜಪಾನಿನ ಶಾಲೆಗಳಲ್ಲಿ ಮಕ್ಕಳೆಲ್ಲ ಸೇರಿ ತಮ್ಮ ತರಗತಿಯನ್ನು ಗುಡಿಸಿ ಒರೆಸುತ್ತಾರೆ. 1937ರಲ್ಲಿ ವಾರ್ಧಾದಲ್ಲಿ ಗಾಂಧಿ ಮುಂದಿಟ್ಟ ನಯೀ ತಾಲೀಮಿನ ಜೀವವೇ ಕೈದುಡಿಮೆ. ಎಲ್ಲ ಮಕ್ಕಳೂ ಪಾಳಿಯ ಮೇಲೆ, ಮೇಷ್ಟ್ರ ಜೊತೆ ಸೇರಿ ಗುಡಿಸಿದರೆ ಅದು ಪಾಠ. ಹೆಸರು ನೋಡಿ, ಕೇರಿ ನೋಡಿ ಕೆಲವರನ್ನೇ ಆರಿಸಿದರೆ ಅದು ಜಾತಿ. ಮಲದ ಗುಂಡಿಗಂತೂ ಮಗು ಬೇಡ, ಯಾವ ಮನುಷ್ಯನೂ ಇಳಿಯಬಾರದು. ಅದಕ್ಕೆ ಯಂತ್ರಗಳಿವೆ, ಕಾನೂನಿದೆ. ಇಲ್ಲದಿರುವುದು ನಮ್ಮ ಮನಸ್ಸು.

ಆದ್ದರಿಂದ ಈ ಕರೆ, ಒಬ್ಬೊಬ್ಬರಿಗೂ.

ಶಿಕ್ಷಕ ಬಂಧುಗಳೇ, ಮಗುವಿಗೆ ಹೊಡೆಯುವಂತಿಲ್ಲ, ಮನಸ್ಸು ನೋಯಿಸುವಂತಿಲ್ಲ ಎಂದು ಆರ್‌ಟಿಇಯ 17ನೇ ಸೆಕ್ಷನ್ ಹೇಳುತ್ತದೆ. ಕಾನೂನು ಹೇಳದ ಒಂದು ಮಾತು ನಾನು ಹೇಳುತ್ತೇನೆ. ನಿಮ್ಮ ತರಗತಿಯ ಕೊನೆಯ ಬೆಂಚಿನ ಮಗುವಿನ ಹೆಸರನ್ನು ದಿನಕ್ಕೊಮ್ಮೆಯಾದರೂ ಪ್ರೀತಿಯಿಂದ ಕರೆಯಿರಿ. ನೀರು ತರಲು, ಕಸ ಗುಡಿಸಲು, ಊಟಕ್ಕೆ ಸಾಲು ನಿಲ್ಲಿಸಲು ಯಾರನ್ನು ಕರೆಯುತ್ತೀರಿ ಎಂದು ಒಂದು ವಾರ ಬರೆದಿಟ್ಟು ನೋಡಿ. ಆ ಪಟ್ಟಿ ನಿಮ್ಮನ್ನು ನಿಮಗೇ ತೋರಿಸುತ್ತದೆ. ಸಹೋದ್ಯೋಗಿಯೊಬ್ಬರು ಮಗುವನ್ನು ಜಾತಿ ಹಿಡಿದು ಕರೆದಾಗ ಸ್ಟಾಫ್ ರೂಮಿನಲ್ಲಿ ಸುಮ್ಮನೆ ಟೀ ಕುಡಿಯಬೇಡಿ.

ಆಳುವವರೇ, ಅಲ್ಪ ಗೌರವಧನದಲ್ಲಿ, ಅದೂ ತಿಂಗಳುಗಟ್ಟಲೆ ತಡವಾಗಿ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದೆ ದುಡಿಯುವ ಅತಿಥಿ ಶಿಕ್ಷಕರಿಂದ ಘನತೆಯ ಪಾಠ ಮಾಡಿಸುತ್ತಿದ್ದೀರಿ. ಅವರನ್ನು ಅತಿಥಿ ಎನ್ನುತ್ತೀರಿ, ಯಾವ ಮನೆಯಲ್ಲಿ ಅತಿಥಿಯನ್ನು ಹೀಗೆ ನಡೆಸಿಕೊಳ್ಳುತ್ತಾರೆ? ಖಾಲಿ ಹುದ್ದೆಗಳನ್ನು ತುಂಬಿ. ರಾಷ್ಟ್ರೀಯ ಆದಾಯದ ಆರು ಶೇಕಡ ಶಿಕ್ಷಣಕ್ಕೆ ಎಂದು ಕೊಠಾರಿ ಆಯೋಗ ಹೇಳಿ ಅರವತ್ತು ವರ್ಷವಾಗುತ್ತ ಬಂತು, 2020ರ ಶಿಕ್ಷಣ ನೀತಿಯೂ ಅದನ್ನೇ ಮತ್ತೆ ಬರೆಯಿತು. ಬರೆದದ್ದು ಸಾಕು, ಕೊಡಿ. ವಸತಿ ಶಾಲೆಗಳಿಗೆ ಮುನ್ಸೂಚನೆ ಕೊಡದೆ ಹೋಗಿ, ಮಕ್ಕಳನ್ನು ಮೇಷ್ಟ್ರಿಲ್ಲದ ಕೋಣೆಯಲ್ಲಿ ಕೂರಿಸಿ ಮಾತಾಡಿಸಿ. ಪ್ರತಿ ತಾಲ್ಲೂಕಿನ ಶಾಲೆಗಳ ಗುಂಡಿ ತೆಗೆಯಲು ಯಂತ್ರ ಒದಗಿಸುವುದು ಚಂದ್ರಯಾನಕ್ಕಿಂತ ಕಷ್ಟದ ಕೆಲಸವೇನಲ್ಲ.

ಉದ್ಯಮಿಗಳೇ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ್ದರಿಂದ ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರದ ಆರು ದಿನವೂ ಮೊಟ್ಟೆ ಸಿಗುವಂತಾಯಿತು. ಜಗತ್ತಿನ ಮಾರುಕಟ್ಟೆಯಲ್ಲಿ ಗಳಿಸಿದ್ದು ಹಳ್ಳಿಯ ತಟ್ಟೆಗೆ ಮರಳಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ದಾನ ದೊಡ್ಡದು. ಆದರೆ ಗುತ್ತಿಗೆ ಕಾರ್ಮಿಕನಿಗೆ ಒಪ್ಪಿದ ಸಂಬಳ ಒಪ್ಪಿದ ದಿನ ಕೊಡುವುದು ದಾನಕ್ಕಿಂತ ಮೊದಲಿನ ಧರ್ಮ. ಶಾಲೆ, ಕಾಲೇಜು ನಡೆಸುವವರೇ, ಮುಂದಿನ ಜೂನ್‌ನಲ್ಲಿ ರ್‍ಯಾಂಕಿನ ಫ್ಲೆಕ್ಸ್ ಕಟ್ಟಬೇಡಿ. ಒಂದೇ ವರ್ಷ ಪ್ರಯತ್ನಿಸಿ. ನಿಮ್ಮ ಹಾಸ್ಟೆಲಿನಲ್ಲಿ ಕೋಚಿಂಗ್ ಮೇಷ್ಟ್ರುಗಳ ಸಂಖ್ಯೆಯಷ್ಟಲ್ಲದಿದ್ದರೂ ಒಬ್ಬರಾದರೂ ಮಕ್ಕಳ ಮಾತು ಕೇಳುವ ತರಬೇತಿ ಪಡೆದವರಿರಲಿ.

ಹೊರನಾಡು, ಹೊರದೇಶಗಳಲ್ಲಿರುವ ಕನ್ನಡಿಗರೇ, ನೀವು ಓದಿದ ಸರ್ಕಾರಿ ಶಾಲೆಗೆ ಬಣ್ಣ ಹೊಡೆಸಿ, ಸ್ಮಾರ್ಟ್ ಬೋರ್ಡ್ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುತ್ತೀರಿ. ಮುಂದಿನ ಸಲ ಬಂದಾಗ ಅಡುಗೆಮನೆಗೂ ಶೌಚಾಲಯಕ್ಕೂ ಹೋಗಿ ನೋಡಿ. ಅಲ್ಲಿ ಯಾರು ದುಡಿಯುತ್ತಾರೆ, ಅವರಿಗೆ ಏನು ಕೊಡುತ್ತಾರೆ ಎಂದು ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಮೇಲೆ ಜನಾಂಗ ಭೇದ ನಡೆದಾಗ ಆಗುವ ನೋವು ಇಲ್ಲಿನ ಯಾವ ಮಗುವಿಗೆ ದಿನವೂ ಆಗುತ್ತದೆ ಎಂದು ಯೋಚಿಸಿ.

ತಂದೆತಾಯಂದಿರೇ, ಕೊನೆಯ ಮಾತು ನಿಮಗೆ, ಏಕೆಂದರೆ ಹೆಚ್ಚಿನ ಶಕ್ತಿ ಇರುವುದು ನಿಮ್ಮಲ್ಲೇ. ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿ ಎಂಬ ಶಾಲಾ ಸಮಿತಿಗಳಿವೆ, ಅವುಗಳ ಸದಸ್ಯರಲ್ಲಿ ಹೆಚ್ಚಿನವರು ಪೋಷಕರೇ. ಖಾಸಗಿ ಶಾಲೆಗಳಲ್ಲಿ ಪೋಷಕರ ಸಭೆಗಳಿವೆ. ಮುಂದಿನ ಸಭೆಗೆ ಕೂಲಿ ಬಿಟ್ಟಾದರೂ, ರಜೆ ಹಾಕಿಯಾದರೂ ಹೋಗಿ. ನಿಮ್ಮ ಮಗುವಿನ ಅಂಕ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಶಾಲೆಯ ಶೌಚಾಲಯ, ಗುಂಡಿ ಶುಚಿ ಮಾಡುವವರು ಯಾರು, ಹೇಗೆ? ಇಲ್ಲಿ ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆಯೇ? ನೊಂದ ಮಗು ಭಯವಿಲ್ಲದೆ ಹೋಗಿ ಹೇಳಿಕೊಳ್ಳಬಹುದಾದ ಹಿರಿಯರು ಇಲ್ಲಿ ಯಾರು? ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ಮುಂದಿನ ಸಭೆಯಲ್ಲಿ ಮತ್ತೆ ಕೇಳಿ. ಈ ಪ್ರಶ್ನೆಗಳನ್ನು ನಿಮ್ಮ ಮಗುವಿಗಾಗಿ ಮಾತ್ರ ಕೇಳಬೇಡಿ, ಸಭೆಗೆ ಬರಲಾಗದ ತಾಯಿಯ ಮಗುವಿಗಾಗಿಯೂ ಕೇಳಿ. ಒಬ್ಬರು ಕೇಳಿದರೆ ಜಗಳಗಂಟರು ಎನ್ನುತ್ತಾರೆ. ಹತ್ತು ಮಂದಿ ಕೇಳಿದರೆ ಶಾಲೆ ಉತ್ತರ ಕೊಡಲೇಬೇಕಾಗುತ್ತದೆ. ಊರೇ ಕೇಳಿದರೆ ಯಾವ ಮಗುವನ್ನೂ ಗುಂಡಿಗೆ ಇಳಿಸುವ ಧೈರ್ಯ ಯಾರಿಗೂ ಬರುವುದಿಲ್ಲ.